ಬರ್ತೀನಿ ಅಂದವಳು

ಹಿಮಾಚಲದ ಗುಡ್ಡದ ಮೇಲಿಂದ
೨೨ ಜನವರಿ ೨೦೨೪

ಕಹಕಶಾ,

ಮಸ್ಕಿಯ ನಿಮ್ಮ ಗಾದಿ ಅಂಗಡಿಯಲ್ಲಿ ಕೂತು ಇದನ್ನು ಓದುವಾಗ ನಿನ್ನ ಮೂಗಿನ ತುದಿಗೆ ಹತ್ತಿಯ ಎಳೆ ಅಂಟಿರುತ್ತದೆ. ಮೊದಲು ಒರೆಸಿಕೋ. ಬೈಸಿಕೊಳ್ಳುವಾಗ ಮುಖವಾದರೂ ಚೊಕ್ಕ ಇರಲಿ.

ಹದಿನಾರನೇ ತಾರೀಖು ರಾಯಚೂರು ಸ್ಟೇಷನ್ನಿನಲ್ಲಿ ಎರಡು ತಾಸು ನಿಂತಿದ್ದೆ. ಸಂಕ್ರಮಣದ ಮರುದಿನವೇ ಮನೆ ಬಿಟ್ಟ ಸೊಸೆ ಅಂತ ಅತ್ತೆಯ ಬಾಯಿಗೆ ಬಿದ್ದು, ಹೆಡ್‌ಮಾಸ್ತರರ ಹತ್ತಿರ ಗಳಿಕೆ ರಜೆಗೆ ಕೈಮುಗಿದು, ಲಿಂಗಸುಗೂರಿನಿಂದ ಎರಡು ಬಸ್ಸು ಬದಲಿಸಿ ಬಂದು ನಿಂತಿದ್ದೆ. ನಿನ್ನ ಫೋನು ಬಂದ್. ದಿಲ್ಲಿ ರೈಲು ಬಂತು, ಹೊರಟಿತು. ನಿನ್ನ ಸೀಟಿನಲ್ಲಿ ದಿಲ್ಲಿಯವರೆಗೂ ನನ್ನ ಬ್ಯಾಗು ಮಲಗಿಕೊಂಡು ಬಂತು.

ಡಿಸೆಂಬರಿನಲ್ಲಿ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕೇಳಿದ್ದೆ, ನೆನಪಿದೆಯೇ? ಹಾಸ್ಟೆಲ್ಲಿಗೆ ಗಾದಿ ಕೊಡಲು ಬಂದಿದ್ದೆ ನೀನು. "ಹದಿನಾರಕ್ಕ ರೈಲು. ಶಿವರಂಜನಿ ಅಲ್ಲೇ ಮನಾಲಿ ದವಾಖಾನ್ಯಾಗ ನರ್ಸ್ ಅದಾಳ, ಮನಿ ಹಿಡಿದಾಳ. ಏನಂತೀ?" ಅಂದೆ. ಅಷ್ಟರಲ್ಲಿ ಮಸ್ಕಿ ಬಸ್ಸು ಹೊರಟಿತು. ನೀನು ಫುಟ್‌ಬೋರ್ಡಿನ ಮೇಲೆ ನಿಂತು, ತಿರುಗಿ ನೋಡಿ, "ಬರ್ತೀನಿ ಬೇ, ಬರ್ತೀನಿ" ಅಂದೆ. ಎರಡು ಸಲ ಅಂದೆ. ನಾನು ಅದೇ ಸಂಜೆ ಎರಡು ಟಿಕೆಟು ತೆಗೆಸಿದೆ.

ಇರಲಿ. ನೀನು ನೋಡದ್ದನ್ನು ಹೇಳಿ ಹೊಟ್ಟೆ ಉರಿಸುತ್ತೇನೆ ಕೇಳು. ರಸ್ತೆ ಮುಗಿದ ಮೇಲೆ ಮೂರು ತಾಸು ಹಿಮದಲ್ಲಿ ನಡೆದರೆ ಈ ಮನೆ. ಎರಡೇ ಕೋಣೆ, ಗೋಡೆ, ನೆಲ, ಸೂರು ಎಲ್ಲಾ ಮರದ್ದು. ನಡುವೆ ಒಂದು ಕಬ್ಬಿಣದ ಒಲೆ, ಅದಕ್ಕೆ ಇವರು ತಂದೂರ್ ಅನ್ನುತ್ತಾರೆ. ನಾವು ತಂದ ಖಡಕ್ ರೊಟ್ಟಿಯನ್ನು ಅದರ ಮೇಲೆ ಬಿಸಿ ಮಾಡಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದೇವೆ. ಫೋನಿಗೆ ಸಿಗ್ನಲ್ ಇಲ್ಲ, ಅದಕ್ಕೇ ಈ ಕಾಗದ. ಹಾಲಿನವನು ಕೆಳಗಿಳಿದಾಗ ಟಪಾಲು ಡಬ್ಬಿಗೆ ಹಾಕುತ್ತಾನಂತೆ.

ಸ್ಕೀ ಕಲಿಸಲು ಒಬ್ಬ ಮುದುಕ ಬರುತ್ತಾನೆ. ಎರಡು ಉದ್ದನೆಯ ಪಟ್ಟಿಯನ್ನು ಕಾಲಿಗೆ ಬಿಗಿದು, ಮೊಣಕಾಲು ಬಗ್ಗಿಸು, ಬೆರಳು ಒಳಗೆ ಮಾಡು, ಹಿಮ್ಮಡಿ ಹೊರಗೆ ಮಾಡು ಅನ್ನುತ್ತಾನೆ. ಹದಿನೈದು ವರ್ಷದಿಂದ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿರುವ ಪಿ.ಟಿ. ಮೇಡಂ ನಾನು, ಮೊದಲ ದಿನ ಹದಿನೇಳು ಸಲ ಬಿದ್ದೆ. ಎಣಿಸಿದವಳು ಶಿವರಂಜನಿ. ಅವಳು ಬಿದ್ದಿದ್ದನ್ನು ಎಣಿಸಲು ನನಗೆ ಪುರುಸೊತ್ತೇ ಸಿಗಲಿಲ್ಲ.

ಆದರೆ ನಿನ್ನೆ ಒಂದು ಸಲ, ಒಂದೇ ಒಂದು ಸಲ, ಮೇಲಿಂದ ಕೆಳಗಿನವರೆಗೆ ಬೀಳದೆ ಜಾರಿಕೊಂಡು ಬಂದೆ. ಕೆಳಗೆ ನಿಂತು ತಿರುಗಿ "ನೋಡಿದ್ಯಾ?" ಅಂತ ಕೇಳಿದೆ. ಯಾರನ್ನು ಕೇಳಿದೆ ಅಂತ ಆಮೇಲೆ ಹೊಳೆಯಿತು.

ಇಪ್ಪತ್ತೊಂದು ವರ್ಷದ ಹಿಂದೆ ಸಿಂಧನೂರು ಕಾಲೇಜಿನ ಎನ್‌ಸಿಸಿ ಬೋರ್ಡಿಗೆ ಸ್ಕೀ ಶಿಬಿರದ ನೋಟೀಸು ಅಂಟಿಸಿದಾಗ ನಾವು ಮೂವರೂ ಹೆಸರು ಕೊಟ್ಟು, ಮೂರೂ ಮನೆಯಲ್ಲಿ ಬೈಸಿಕೊಂಡು, ಹೆಸರು ತೆಗೆಸಿ ಬಂದೆವಲ್ಲ, ಆ ರವಿವಾರ ನಿಮ್ಮ ಅಂಗಡಿಯಲ್ಲಿ ಏನು ಮಾಡಿದೆವು? ಬಿದಿರಿನ ಸೀಳು ಕಾಲಿಗೆ ಕಟ್ಟಿಕೊಂಡು ಹಿಂಜಿದ ಹತ್ತಿಯ ರಾಶಿಯ ಮೇಲೆ ಜಾರಿದೆವು. ನಿಮ್ಮ ಅಬ್ಬಾ ಜಿಲಾನಿಸಾಬರು ಬಾಗಿಲಲ್ಲಿ ನಿಂತು, "ಅದು ಮಂದಿ ಮಕ್ಕೊಳ್ಳೋ ಹತ್ತಿ ಐತ್ರವಾ, ಇಳೀರಿ" ಅಂದರು. ಬೈಯಲಿಲ್ಲ, ನಗುತ್ತಿದ್ದರು. ಎಂದಾದರೂ ಮೂವರೂ ಖರೇ ಹಿಮಕ್ಕೇ ಹೋಗೋಣ ಅಂದವಳು ನೀನು. ನಾನಲ್ಲ, ಶಿವರಂಜನಿಯಲ್ಲ.

ಆಮೇಲೆ ನೀನು ಮಸ್ಕಿ ಬಸ್ಸಿನಲ್ಲಿ ಹಾಕಿ ಕಳಿಸಿದ ರಜಾಯಿ ಹೊದ್ದು ಮಲಗುತ್ತೇವೆ. ಮೂವರಿಗೆ ಸಾಲುವಷ್ಟು ಅಗಲ ಹೊಲಿದಿದ್ದೀಯ. ಇಬ್ಬರು ಹೊದ್ದ ಮೇಲೆ ಒಂದು ಬದಿ ನೆಲಕ್ಕೆ ಇಳಿಬೀಳುತ್ತದೆ. ಬರದವಳು ಇಷ್ಟು ಅಗಲ ಯಾಕೆ ಹೊಲಿಯುತ್ತಾಳೆ? ಉತ್ತರ ಬರಿ.

ಸಿಟ್ಟಿನಲ್ಲಿರುವ
ಭಾಗ್ಯಶ್ರೀ


ಮಸ್ಕಿ
೧೨ ಫೆಬ್ರವರಿ ೨೦೨೪

ಭಾಗ್ಯಾ,

ಕಾಗದ ಮುಟ್ಟಿತು. ನಿನ್ನಂಗ ಪುಸ್ತಕದ ಕನ್ನಡ ನಂಗ ಬರಂಗಿಲ್ಲ, ಮಾತಾಡಿದಂಗ ಬರೀತೀನಿ. ಕೆಂಪು ಪೆನ್ನು ಹಿಡಕೊಂಡು ಕುಂದರಬ್ಯಾಡ.

ಅಲ್ಲ ಬೇ, ಬಸ್ಸು ಹತ್ತಿದಾಕಿ ಇನ್ನೇನಂತಾಳ? ಮನಿ ಬಿಟ್ಟು ಹೊಂಟಾಗ "ಹೋಗ್ತೀನಿ" ಅಂದ್ರ ನಮ್ಮ ಅಮ್ಮೀ ಚಾಂದ್‌ಬೀ ಬಾಯಿ ಮ್ಯಾಲ ಬಡೀತಿದ್ಲು. ನಮ್ಮ ಮನಿ ಉರ್ದುನಾಗೂ ಹಂಗ. "ಜಾತೂಂ" ಅನ್ನಬಾರದು, "ಆತೂಂ" ಅನ್ನಬೇಕು. ನಾ ಅಂದದ್ದು ಆ ಬರ್ತೀನಿ. ಹೋಗಿ ಬರ್ತೀನಿ ಅಂತ ಅಂದೆ. ನೀ ಗುಡ್ಡಕ್ಕ ಬರ್ತೀನಿ ಅಂತ ತಿಳ್ಕೊಂಡ್ರ ನಾ ಏನ್ ಮಾಡ್ಲಿ?

ತಮ್ಮ ಶಾಕೀರ್ ಹೇಳಿದ್ದ, ನೀ ಫೋನ್ ಮಾಡಿ ಟಿಕೆಟ್ ತೆಗೆಸೀನಿ ಅಂದಿದ್ದಿ ಅಂತ. ಆವಾಗ ಹೇಳಬೇಕಿತ್ತು. ಹೇಳಲಿಲ್ಲ. ಲಗ್ನದ ಸೀಜನ್ನು, ಗಾದಿ ಕೆಲಸ ಭಾಳ ಇತ್ತು. ಆತು, ತಪ್ಪು ನಂದು. ಮಾಫ್ ಮಾಡು.

ಒಂದು ಕೇಳ್ಲಾ? ಬರ್ಫ ಕೈಯಾಗ ಹಿಡಿದ್ರ ಹ್ಯಾಂಗ ಇರ್ತೈತಿ? ಹಿಂಜಿದ ಹತ್ತಿಯಂಗ ಹಗುರ ಇರ್ತೈತೋ, ಗಾದಿಗೆ ತುಂಬಿದ ಮ್ಯಾಲೆ ಒತ್ತಿದಂಗ ಇರ್ತೈತೋ? ಬೀಳುವಾಗ ಸಪ್ಪಳ ಆಗತೈತೇನು? ಮೂಗಿನಾಗ ಹೋಗತೈತೇನು? ಶಿವರಂಜನಿ ಬಿದ್ದದ್ದು ಎಷ್ಟು ಸಲ, ಅಂದಾಜಿಗರೆ ಬರಿ. ಎಲ್ಲಾ ಬರಿ.

ರಜಾಯಿ ಒಣಗಿಸಿ ಇಡು.

ನಿನ್ನ
ಕಹಕಶಾ


ಲಿಂಗಸುಗೂರು
೩ ಮಾರ್ಚ್ ೨೦೨೪

ಕಹಕಶಾ,

ನೀನು ಸುಳ್ಳು ಹೇಳುತ್ತೀ ಅಂತ ನಾನು ಅನ್ನುವುದಿಲ್ಲ. ಖರೇ ಹೇಳಿಲ್ಲ ಅಂತ ಮಾತ್ರ ಅನ್ನುತ್ತೇನೆ.

ಲಗ್ನದ ಸೀಜನ್ ಅಂತೀಯಲ್ಲ, ಪರೀಕ್ಷೆಯ ಹಿಂದಿನ ದಿನವೂ ಗಾದಿ ಹೊಲಿದು ಬಂದು ನನಗಿಂತ ಹೆಚ್ಚು ಅಂಕ ತಗೊಂಡವಳು ನೀನು. ಕೆಲಸ ನಿನ್ನನ್ನು ಯಾವಾಗ ಕಟ್ಟಿಹಾಕಿದೆ? ಬೇಡವಾಗಿದ್ದರೆ "ಬೇಡ" ಅನ್ನಬೇಕಿತ್ತು. ನಾನೇನು ನಿನ್ನನ್ನು ಹೊತ್ತುಕೊಂಡು ಹೋಗುತ್ತಿದ್ದೆನೇ? ನಿನಗೆ ನಮ್ಮ ಜೊತೆ ಬರುವುದು ಬೇಡವಾಗಿತ್ತು ಅಂತ ಒಂದು ತಿಂಗಳಿಂದ ತಿಳಿದುಕೊಂಡಿದ್ದೇನೆ. ಅದು ನನ್ನನ್ನು ತಿನ್ನುತ್ತಿದೆ. ಇಷ್ಟು ವರ್ಷದ ಮೇಲೆ ನಾನು ನಿನಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಲ್ಲಿ ಒಬ್ಬಳಾಗಿಬಿಟ್ಟೆನೇ?

ಫೋನ್ ಮಾಡಲಾರೆ. ಮಾಡಿದರೆ ನೀನು ಹಾಂ ಹೂಂ ಅಂದು ಜಾರಿಕೊಳ್ಳುತ್ತೀ, ನನಗಿಂತ ಒಳ್ಳೆ ಸ್ಕೀ ನೀನೇ ಆಡುತ್ತೀ. ಕಾಗದದಲ್ಲಿ ಮಾತ್ರ ಸಿಗುತ್ತೀ.

ಇನ್ನು ಮುಂದೆ ನಮ್ಮಿಬ್ಬರ ನಡುವೆ ಒಂದು ಕಾಯಿದೆ ಇರಲಿ. ಎದ್ದು ಹೊರಡುವಾಗ "ಹೋಗ್ತೀನಿ" ಅನ್ನು. ಅಪಶಕುನವಾದರೆ ಆಗಲಿ. "ಬರ್ತೀನಿ" ಅಂದರೆ ಬರಬೇಕು. ಒಂದೇ ಮಾತಿನಲ್ಲಿ ಹೋಗುವುದನ್ನೂ ಬರುವುದನ್ನೂ ಇಟ್ಟುಕೊಂಡು ಮಂದಿಯನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಬೇಡ.

ಹಿಮ ಹೇಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಬಂದು ನೋಡಬೇಕಿತ್ತು.

ಭಾಗ್ಯಶ್ರೀ


ಲಿಂಗಸುಗೂರು
೨೦ ಜೂನ್ ೨೦೨೪

ಕಹಕಶಾ,

ಮೂರೂವರೆ ತಿಂಗಳಾಯಿತು, ನಿನ್ನಿಂದ ಉತ್ತರವಿಲ್ಲ. ಹೋದ ಕಾಗದದಲ್ಲಿ ಬಾಯಿ ಹರಿಬಿಟ್ಟಿದ್ದು ಹೆಚ್ಚಾಯಿತು.

ನಿನ್ನೆ ತರಬೇತಿಗೆ ಸಿಂಧನೂರಿಗೆ ಹೋಗುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ಕಿಟಕಿಯಿಂದ ನಿಮ್ಮ ಅಂಗಡಿ ಕಂಡಿತು. ಶಟರು ಅರ್ಧ ಇಳಿದಿತ್ತು. ಹತ್ತಿ ಹಿಂಜುವ ಮಷೀನಿನ ಸದ್ದಿಲ್ಲ. ಆ ಸದ್ದಿಲ್ಲದ ನಿಮ್ಮ ಅಂಗಡಿಯನ್ನು ನಾನು ಎಂದೂ ನೋಡಿರಲಿಲ್ಲ. ಅಬ್ಬಾ ಹೊರಗೆ ಕುರ್ಚಿಯಲ್ಲಿ ಕೂತಿದ್ದರು. ನೀನು ಕಾಣಲಿಲ್ಲ. ಐದು ನಿಮಿಷ ನಿಂತ ಬಸ್ಸಿನಿಂದ ಇಳಿಯಬಹುದಿತ್ತು. ಇಳಿಯಲಿಲ್ಲ. ಸಿಟ್ಟಿಗಲ್ಲ. ಇಳಿದರೆ ನೀನು "ಯಾಕ ಬಂದಿ?" ಅಂತ ಕೇಳಿದರೆ ಏನು ಹೇಳಲಿ ಅಂತ ಹೆದರಿಕೆಯಾಯಿತು.

ಹಿಮ ಹಿಂಜಿದ ಹತ್ತಿಗಿಂತ ಹಗುರ. ಆದರೆ ಹಿಡಿದುಕೊಂಡರೆ ಉಳಿಯುವುದಿಲ್ಲ, ಅಂಗೈ ಒದ್ದೆಯಾಗಿ ಸುಮ್ಮನಾಗುತ್ತದೆ. ಬೀಳುವಾಗ ಸಪ್ಪಳವಿಲ್ಲ. ಹತ್ತಿಯ ಹಾಗೆ ಮೂಗಿಗೂ ಹೋಗುವುದಿಲ್ಲ. ಶಿವರಂಜನಿ ಇಪ್ಪತ್ತಾರು ಸಲ ಬಿದ್ದಳು ಅಂತ ಬರೆದುಕೋ, ಹೆಚ್ಚೇ ಇರಲಿ. ಉಳಿದದ್ದನ್ನೂ ಕೇಳು, ಹೇಳುತ್ತೇನೆ. ಏನಾದರೂ ಬರಿ ಮಾರಾಯ್ತಿ. ಬೈದಾದರೂ ಬರಿ.

ನಿನ್ನ
ಭಾಗ್ಯಾ


ಮಸ್ಕಿ
೯ ಜುಲೈ ೨೦೨೪

ಭಾಗ್ಯಾ,

ಇಳೀಬೇಕಿತ್ತು ಬೇ. ನಾ ಒಳಗ ಇದ್ದೆ. ಲಿಂಗಸುಗೂರು ಬಸ್ಸು ಬಂದಾಗೆಲ್ಲ ಪರದೆ ಸರಿಸಿ ನೋಡ್ತೀನಿ, ಆವತ್ತೂ ನೋಡಿದೆ. ಕಿಟಕ್ಯಾಗ ನೀ ಕುಂತಿದ್ದಿ. ಇಳೀತಾಳ ಅಂತ ಕಾದೆ, ಬಸ್ಸು ಹೋತು. ನಾನರ ಓಡಿ ಬರಬೇಕಿತ್ತು. ಓಡಾಕ ಆಗಂಗಿಲ್ಲ ಈಗ. ಅದನ್ನ ಹೇಳಾಕ ಇಷ್ಟು ತಿಂಗಳು ಬೇಕಾತು.

ನಂಗ ದಮ್ಮಿನ ಬ್ಯಾನಿ ಐತಿ. ಅಬ್ಬಾಗ ಇದ್ದದ್ದ ನಂಗೂ ಬಂದೈತಿ. ಹತ್ತಿ ಧೂಳು. ಮೂವತ್ತು ವರ್ಷ ಮೂಗಿಲೆ ಎಳಕೊಂಡದ್ದು ಎಲ್ಲಿ ಹೋಗಬೇಕು? ಎರಡು ವರ್ಷದಿಂದ ಮೆಟ್ಟಲಾ ಹತ್ತಿದ್ರ ಎದಿ ಬಿಗೀತೈತಿ. ಯಾರಿಗೂ ಹೇಳಿದ್ದಿಲ್ಲ. ಮಷೀನ್ ಈಗ ಶಾಕೀರ್ ಊರ ಹೊರಗ ಹಾಕ್ಯಾನ. ನಾ ಬರೇ ಹೊಲೀತೀನಿ, ಮೂಗಿಗೆ ಅರಿವಿ ಕಟ್ಟಿಕೊಂಡು.

ಬಸ್ಸಿನಾಗ ನಿಂತು ಅಂದ "ಬರ್ತೀನಿ" ಬಗ್ಗೆ ಖರೇ ಹೇಳಿಲ್ಲ ಅಂದಿದ್ದಿ. ಆವಾಗ ಸುಳ್ಳು ಬರದೆ. ಖರೇ ಹೇಳ್ಬೇಕಂದ್ರ, ಅಂದಾಗ ನಂಗೂ ಗೊತ್ತಿರಲಿಲ್ಲ. ಬರೂದಾದ್ರ ಅದು ಆತು, ಬರೂದು ಆಗದಿದ್ರ ಇದು ಆತು. ನಮ್ಮ ಮಾತು ಹಿಂಗ ಇರೂದು ನಂಗ ಭಾಳ ಅನುಕೂಲ ಆತು ನೋಡು.

ಹದಿನಾರನೇ ತಾರೀಖು ಮನ್ಯಾಗ ಕುಂತಿರಲಿಲ್ಲ. ಬ್ಯಾಗ್ ತುಂಬಿಕೊಂಡು ಮುಂಜಾನೆ ಬಸ್ಸಿಗೆ ಸಿಂಧನೂರಿಗೆ ಬಂದೆ. ಡಾಕ್ಟರ್‌ಗೆ ಒಂದ್ಸಲ ತೋರಿಸಿ ಅಲ್ಲಿಂದ ರಾಯಚೂರಿಗೆ ಬರೂದು ಅಂತ. ಅವ್ರು ನಳಿಗಿ ಕೊಟ್ಟು ಊದಿಸಿದ್ರು. ಮತ್ತ ಊದಿಸಿದ್ರು. "ಎಲ್ಲಿಗೆ ಹೊಂಟೀರಿ?" ಅಂದ್ರು. ಹೇಳಿದೆ. "ಅಷ್ಟು ಎತ್ತರಕ್ಕ ಗಾಳಿ ತೆಳ್ಳಗಿರ್ತೈತ್ರಿ, ಹೋಗಬ್ಯಾಡ್ರಿ. ಅಲ್ಲಿ ಉಸಿರು ನಿಂತ್ರ ಕೆಳಗ ತರವ್ರು ಯಾರು?" ಅಂದ್ರು.

ಬಂದು ಸಿಂಧನೂರು ಬಸ್‌ಸ್ಟ್ಯಾಂಡಿನ ಕಲ್ಲು ಕಟ್ಟಿ ಮ್ಯಾಲ ಕುಂತೆ. ಕಾಲೇಜ್ ಬಿಟ್ಟ ಮ್ಯಾಲೆ ನಾವು ಮೂವರೂ ಕುಂದರ್ತಿದ್ದೆವಲ್ಲ, ಅದ ಕಟ್ಟಿ. ರಾಯಚೂರು ಬಸ್ಸು ಬಂತು. ಕಂಡಕ್ಟರ್ ನನ್ನ ಬ್ಯಾಗ್ ನೋಡಿ, "ರಾಯಚೂರು, ರಾಯಚೂರು, ಬರ್ತೀರೇನ್ರಿ ಅಕ್ಕಾರ?" ಅಂದ. "ಬರಂಗಿಲ್ಲ" ಅನ್ನಾಕ ಬಾಯಿ ತೆರೆದೆ. ಬರಲಿಲ್ಲ ಆ ಮಾತು. "ಬರ್ತೀನ್ರಿ" ಅಂದೆ. ಅಂದು ಕುಂತೇ ಇದ್ದೆ. ಪಾಪ, ಅವ ಎರಡು ಸಲ ಕೂಗಿ, ಸೀಟಿ ಊದಿ ಹೋದ. ಇನ್ನೊಂದು ಬಸ್ಸು ಬಂತು, ಅವಂಗೂ ಹಂಗ ಅಂದೆ. ನೀ ಸ್ಟೇಷನ್ನಿನಾಗ ನಿಂತಿರ್ತೀ ಅಂತ ಗೊತ್ತಿತ್ತು. ಅದಕ್ಕ ಫೋನ್ ಬಂದ್ ಮಾಡಿದ್ದೆ. ನಿನ್ನ ದನಿ ಕೇಳಿದ್ರ ಎದ್ದು ಬಂದ ಬಿಡ್ತಿದ್ದೆ.

ರಜಾಯಿ ಮೂವರ ಅಗಲ ಹೊಲದದ್ದು ಬರ್ಬೇಕಂತ. ಅದರಾಗ ಸುಳ್ಳಿಲ್ಲ.

ನೀ ಬಸ್‌ಸ್ಟ್ಯಾಂಡಿನಾಗ ಸಿಕ್ಕಾಕಿ ಅಲ್ಲ ಭಾಗ್ಯಾ. ದಮ್ಮಿನಾಕಿ ಅಂತ ನಿನ್ನ ಮುಂದ ಕುಂದ್ರೂದು ನಂಗ ಬ್ಯಾಡಾಗಿತ್ತು. ಕವಾಯತಿನ ಓಟದಾಗ ನಿನ್ನ ಹಿಂದ ಹಾಕಿದಾಕಿ ನಾನು. ಅಷ್ಟ.

ಕಹಕಶಾ


ಲಿಂಗಸುಗೂರು
೧೫ ಜುಲೈ ೨೦೨೪

ಕಹೂ,

ಬರುವ ರವಿವಾರ ಮುಂಜಾನೆ ಹತ್ತರ ಬಸ್ಸಿಗೆ ಬರ್ತೀನಿ. ಇದು ಆ ಬರ್ತೀನಿ ಅಲ್ಲ, ಇದು ಬರುವ ಬರ್ತೀನಿ. ಪರದೆ ಸರಿಸಿಕೊಂಡು ಕೂತಿರು. ಓಡಿ ಬರಬೇಡ, ನಾನೇ ನಡೆದು ಬರುತ್ತೇನೆ.

ನಿನ್ನ ಕಾಗದ ಓದಿ ಅತ್ತೆ. ಅತ್ತಿದ್ದಕ್ಕಿಂತ ಹೆಚ್ಚು ಬೈದೆ. ಈರುಳ್ಳಿ ಹೆಚ್ಚುತ್ತಿದ್ದೇನೆ ಅಂತ ಮನೆಯವರಿಗೆ ಹೇಳಿದೆ. ಅವರು ಪಲ್ಯ ಎಲ್ಲಿ ಅಂತ ಕೇಳಿದರು.

ನಾನು ರಾಯಚೂರಿನಲ್ಲಿ ನಿಂತ ಎರಡು ತಾಸೂ ನೀನು ಸಿಂಧನೂರಿನಲ್ಲಿ ಕೂತಿದ್ದೆ ಅಂತ ಆಯಿತು. ಕವಾಯತಿನಲ್ಲಿ ನನ್ನನ್ನು ಹಿಂದೆ ಹಾಕಿದ್ದೇನೋ ನಿಜ, ಆದರೆ ಓಟ ಮುಗಿದ ಮೇಲೆ ಗೆರೆಯ ಹತ್ತಿರ ನಿಂತು ನನಗಾಗಿ ಕಾಯುತ್ತಿದ್ದವಳೂ ನೀನೇ. ಈಗ ನಾನು ನಿಧಾನ ಮಾಡಿದರೆ ನಿನಗೇನು ಅವಮಾನ?

ಶಿವರಂಜನಿಗೆ ಫೋನ್ ಮಾಡಿದೆ. ಅವಳು ನರ್ಸ್ ಅಲ್ಲವೇ, ಮೊದಲು ಅರ್ಧ ತಾಸು ನಿನ್ನನ್ನು ಬೈದಳು. ಆಮೇಲೆ ಹೇಳಿದಳು, ಬಹಳ ಕೆಳಗೆ, ರಸ್ತೆಯ ಪಕ್ಕದಲ್ಲೇ ಒಂದು ಮರದ ಮನೆ ಇದೆಯಂತೆ. ಬಾಗಿಲಿಗೇ ಕಾರು ಹೋಗುತ್ತದೆ, ದವಾಖಾನೆ ಹತ್ತಿರ. ಅಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಜನವರಿಯಲ್ಲಿ ನಾಲ್ಕಾರು ದಿನ ಬಿದ್ದೀತು ಅಂದಳು. ನೀನು ನಿನ್ನ ಡಾಕ್ಟರನ್ನು ಕೇಳು. ಔಷಧಿ ತಪ್ಪಿಸಬೇಡ. ಅವರು ಬೇಡ ಅಂದರೆ ಯಾರೂ ಹೋಗುವುದು ಬೇಡ. ಶಿವರಂಜನಿಯೇ ಇಲ್ಲಿಗೆ ಬರುತ್ತಾಳೆ, ನಿಮ್ಮ ಮಾಳಿಗೆಯ ಮೇಲೆ ರಜಾಯಿ ಹಾಸಿಕೊಂಡು ಮೂವರೂ ಕೂತು ಬೆವರೋಣ.

ನೀನಿಲ್ಲದೆ ಇನ್ನೊಂದು ಸಲ ನಾನು ಹಿಮ ನೋಡಲಾರೆ. ಒಂದು ಸಲ ನೋಡಿದ್ದು ಸಾಕಾಗಿದೆ.

ನಿನ್ನ
ಭಾಗ್ಯಾ


ಸಿಂಧನೂರು ಬಸ್‌ಸ್ಟ್ಯಾಂಡ್
೧೬ ಜನವರಿ ೨೦೨೫

ಭಾಗ್ಯಾ,

ಇದಕ್ಕ ಟಪಾಲು ಬ್ಯಾಡ. ರಾಯಚೂರು ಸ್ಟೇಷನ್ನಿನಾಗ ನಾನ ಕೈಲೆ ತಂದು ಕೊಡ್ತೀನಿ. ಮಾತಿನಾಗ ಹೇಳಾಕ ಹೋದ್ರ ಹಾಂ ಹೂಂ ಅಂದು ಜಾರಿಕೊಳ್ಳೋ ಚಟ ಐತಲ್ಲ ನಂದು, ಅದಕ್ಕ ಬರೀತೀನಿ.

ಡಾಕ್ಟರ್ ಹತ್ರ ಈಗ ಹೋಗಿ ಬಂದೆ. ಮತ್ತ ಊದಿಸಿದ್ರು. ಆರು ತಿಂಗಳು ಧೂಳು ಬಿಟ್ಟದ್ದಕ್ಕ, ಔಷಧಿ ಎಳಕೊಂಡದ್ದಕ್ಕ ಮೊದಲಿಗಿಂತ ಪಾಡ ಐತಂತ. ಕೆಳಗಿನ ಮನಿಗೆ ಹೋಗ್ರಿ, ಗುಡ್ಡ ಹತ್ತಬ್ಯಾಡ್ರಿ, ಥಂಡಿ ಗಾಳಿಗೆ ಮೂಗು ಮುಚ್ಚಿಕೋರಿ ಅಂದಾರ. ಆ ಪಟ್ಟಿ ಕಾಲಿಗೆ ಕಟ್ಟಿಕೊಳ್ಳೋದು ನನ್ನ ಹಣೇಬರಹದಾಗ ಇಲ್ಲ. ಇರಲಿ. ಕಿಟಕ್ಯಾಗ ಕುಂತು ನೀವಿಬ್ರೂ ಬೀಳೋದು ಎಣಿಸ್ತೀನಿ. ಈ ಸಲ ಶಿವರಂಜನಿದೂ ಲೆಕ್ಕ ಸಿಗತೈತಿ.

ಹಿಮ ಬೀಳದಿದ್ರೂ ನಡೀತೈತಿ ಬೇ. ಹಿಂಜಿದ ಹತ್ತಿ ನೋಡೀನಿ ನಾ.

ಮುಂಜಾನೆ ಮನಿ ಬಿಡುವಾಗ ಹೊಸ್ತಿಲದಾಗ ನಿಂತು "ಅಮ್ಮೀ, ಹೋಗ್ತೀನಿ" ಅಂದೆ. ಅಮ್ಮೀ ಧಡಕ್ಕನ ಬಂದು ಬಾಯಿ ಮ್ಯಾಲ ಕೈ ಇಟ್ಲು. "ಏನ್ ಮಾತಂತ ಆಡ್ತೀ, ಬರ್ತೀನಿ ಅನ್ನು" ಅಂದ್ಲು. ಕೈ ಸರಿಸಿ ಹೇಳಿದೆ, "ಅಮ್ಮೀ, ಆ ಮಾತು ಒಬ್ಬಾಕಿಗೆ ಕೊಟ್ಟೀನಿ. ಮೊದ್ಲು ಅದನ್ನ ಮುಟ್ಟಿಸಿ ಬಂದು, ಆಮ್ಯಾಲ ನಿಂಗ ಅಂತೀನಿ." ಅಬ್ಬಾ ಕುರ್ಚ್ಯಾಗ ಕುಂತು ನಗಾಕತ್ತಿದ್ದ. ಅಮ್ಮೀ ಅಳಾಕತ್ತಿದ್ಲು.

ಈಗ ಅದ ಕಟ್ಟಿ ಮ್ಯಾಲ ಕುಂತೀನಿ. ರಾಯಚೂರು ಬಸ್ಸು ಬಂದೈತಿ. ಹೋದ ವರ್ಷದ ಕಂಡಕ್ಟರ್ ಅಲ್ಲ, ಬ್ಯಾರೆಯವ. ಅವನೂ ಬ್ಯಾಗ್ ನೋಡಿ ಕೇಳಾಕತ್ತಾನ, "ಅಕ್ಕಾರ, ಬರ್ತೀರೇನ್ರಿ?"

ಬರ್ತೀನಿ ಅಂದೀನಿ. ಅಕ್ಷರ ಸೊಟ್ಟ ಆಗ್ಯಾವು, ಬೈಯಬ್ಯಾಡ. ಎದ್ದು ನಿಂತು ಬರ್ಯಾಕತ್ತೀನಿ.

ಕಹಕಶಾ